ಗಡಿಯ ಲೂಟಿ ಮನೆತನಗಳೂ ಜೇಮ್ಸ್ ದೊರೆಯೂ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವಿನ ಗಡಿಯಲ್ಲಿ ಮುನ್ನೂರು ವರ್ಷ ದನ ಹೊಡೆದುಕೊಂಡು ಬದುಕಿದ ‘ರೀವರ್’ ಮನೆತನಗಳ, 1603ರ ನಂತರ ಅವರನ್ನು ಅಡಗಿಸಿದ ಸ್ಕಾಟ್ಲೆಂಡಿನ ಆರನೆಯ ಜೇಮ್ಸ್ ದೊರೆಯ ಮಾತು ಬಂದಾಗಲೆಲ್ಲ ಒಂದಷ್ಟು ಪ್ರಶ್ನೆಗಳು ತಪ್ಪದೆ ಬರುತ್ತವೆ. ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಬಂದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿದ್ದೇನೆ. ಮೊದಲಿನವು ಈ ವಿಷಯಕ್ಕೆ ಹೊಸಬರಿಗೆ, ಕೊನೆಯವು ಒಂದಿಷ್ಟು ಓದಿಕೊಂಡವರಿಗೆ.

## ಈಗಷ್ಟೇ ಶುರುಮಾಡುವವರಿಗೆ

ಈ ರೀವರ್‌ಗಳು ಅಂದ್ರೆ ಯಾರು? ಡಕಾಯಿತರಾ, ಸೈನಿಕರಾ?

ಎರಡೂ ಹೌದು, ಅದರ ಜೊತೆಗೆ ರೈತರೂ ಹೌದು. ಬೇಸಿಗೆಯಲ್ಲಿ ಹೊಲ, ಕುರಿ, ದನ ನೋಡಿಕೊಂಡಿರುತ್ತಿದ್ದವರೇ ರಾತ್ರಿಗಳು ಉದ್ದವಾಗುತ್ತಿದ್ದಂತೆ ಕುದುರೆ ಹತ್ತುತ್ತಿದ್ದರು. ರಾಜರ ನಡುವೆ ಯುದ್ಧ ನಡೆದಾಗ ಇವರೇ ಸವಾರರ ಪಡೆ. ಊರಿನಿಂದ ಹೊರಬಿದ್ದು ಕಾಡು ಸೇರಿದ ಕಳ್ಳರೆಂದು ಇವರನ್ನು ಕಲ್ಪಿಸಿಕೊಂಡರೆ ಚಿತ್ರ ಪೂರ್ತಿ ತಪ್ಪುತ್ತದೆ. ಜಮೀನ್ದಾರ ಮುಂದೆ, ಒಕ್ಕಲಿನವರು ಹಿಂದೆ, ಹೀಗೆ ಇಡೀ ಮನೆತನವೇ ಲೂಟಿಗೆ ಹೊರಡುತ್ತಿತ್ತು. ಸ್ಕಾಟಿಷ್ ಕಡೆ ಆರ್ಮ್‌ಸ್ಟ್ರಾಂಗ್, ಎಲಿಯಟ್, ಸ್ಕಾಟ್, ಕೆರ್, ಜಾನ್‌ಸ್ಟನ್, ಮ್ಯಾಕ್ಸ್‌ವೆಲ್. ಇಂಗ್ಲಿಷ್ ಕಡೆ ಚಾರ್ಲ್‌ಟನ್, ರಾಬ್ಸನ್, ಫೆನ್ವಿಕ್, ಮಸ್ಗ್ರೇವ್. ಗ್ರಹಾಂ, ನಿಕ್ಸನ್ ಮನೆತನಗಳು ಗಡಿಯ ಎರಡೂ ಬದಿ ಹರಡಿಕೊಂಡಿದ್ದವು. ಒಬ್ಬ ಗ್ರಹಾಂ ತಾನು ಯಾವ ರಾಜನ ಪ್ರಜೆ ಎಂಬುದನ್ನು ಅಂದಂದಿನ ಅನುಕೂಲ ನೋಡಿ ಹೇಳುತ್ತಿದ್ದ.

ನಕ್ಷೆಯಲ್ಲಿ ಎಲ್ಲಿ ನೋಡಬೇಕು?

ಪೂರ್ವದಲ್ಲಿ ಬೆರ್ವಿಕ್ ಪಟ್ಟಣ, ಪಶ್ಚಿಮದಲ್ಲಿ ಸಾಲ್ವೇ ಕೊಲ್ಲಿ, ನಡುವೆ ಚೆವಿಯಟ್ ಬೆಟ್ಟಗಳು. ಎರಡೂ ರಾಜ್ಯಗಳು ತಂತಮ್ಮ ಕಡೆಯ ಗಡಿಯನ್ನು ಪೂರ್ವ, ಮಧ್ಯ, ಪಶ್ಚಿಮ ಎಂದು ಮೂರು ‘ಮಾರ್ಚ್’ಗಳಾಗಿ ಹಂಚಿಕೊಂಡಿದ್ದವು. ಲೂಟಿಗೆ ಹೆಸರಾದದ್ದು ಲಿಡ್ಸ್‌ಡೇಲ್ ಕಣಿವೆ. ಅದಕ್ಕೆಂದೇ ಹರ್ಮಿಟೇಜ್ ಕೋಟೆಯಲ್ಲಿ ಬೇರೆ ಒಬ್ಬ ಅಧಿಕಾರಿಯನ್ನು ಇಡಬೇಕಾಗಿತ್ತು.

ಬರೀ ದನ ಕದಿಯೋಕೆ ಇಷ್ಟೊಂದು ಹೆಸರಾ? ಏನೇನು ಹೊಡೀತಿದ್ರು?

ದನವೇ ಅಲ್ಲಿನ ನಗದು. ಸುಗ್ಗಿ ಮುಗಿದು ದನ ಮೈತುಂಬಿಕೊಂಡಿರುವ, ರಾತ್ರಿ ಉದ್ದ, ನೆಲ ಗಟ್ಟಿಯಾಗಿರುವ ಕಾಲವೇ ಇವರ ಹಂಗಾಮು. ಗಿಡ್ಡ ತಳಿಯ, ಜೌಗಿನಲ್ಲೂ ಕಾಲು ಹೂಳದೆ ನಡೆಯುವ ಕುದುರೆ. ತಲೆಗೆ ಉಕ್ಕಿನ ಟೋಪಿ. ಒಳಗೆ ಕಬ್ಬಿಣದ ತುಂಡುಗಳನ್ನಿಟ್ಟು ಹೊಲಿದ ದಪ್ಪ ಅಂಗಿ. ಕೈಯಲ್ಲಿ ಭರ್ಜಿ, ಸೊಂಟದಲ್ಲಿ ಪಿಸ್ತೂಲು. ಹತ್ತಾರು ಜನರಿಂದ ನೂರಾರು ಜನರವರೆಗೆ ಗುಂಪು. ಹೋಗುವಾಗ ಒಂದು ದಾರಿ, ದನ ಹೊಡೆದುಕೊಂಡು ಬರುವಾಗ ಇನ್ನೊಂದು. ಅದೂ ಅಪರಿಚಿತನ ಕುದುರೆ ಹೂತುಹೋಗುವಂಥ ಜೌಗುಗಳ ನಡುವೆ. ದನದ ಜೊತೆಗೆ ಕುರಿ, ಕುದುರೆ, ಪಾತ್ರೆ, ಹಾಸಿಗೆ, ಬಟ್ಟೆ ಎಲ್ಲವೂ ಹೋಗುತ್ತಿತ್ತು. ಒತ್ತೆಹಣ ಸಿಗುವಂಥ ಕುಳ ಸಿಕ್ಕರೆ ಅವನನ್ನೇ ಹೊತ್ತೊಯ್ಯುತ್ತಿದ್ದರು. ‘ನಿನ್ನ ಮನೆಗೆ ತೊಂದರೆ ಆಗದಂತೆ ನೋಡಿಕೊಳ್ಳುತ್ತೇವೆ’ ಎಂದು ವರ್ಷಕ್ಕಿಷ್ಟು ವಸೂಲಿ ಮಾಡುವ ದಂಧೆ ಬೇರೆ ಇತ್ತು.

ಹಾರ್ಡನ್‌ನ ವಾಟ್ ಸ್ಕಾಟ್ ಎಂಬವನ ಮನೆಯ ಕಥೆಯನ್ನು ಅಲ್ಲಿ ಈಗಲೂ ಹೇಳುತ್ತಾರೆ. ಅಟ್ಟದಲ್ಲಿ ಮಾಂಸ ಮುಗಿದ ದಿನ ಹೆಂಡತಿ ಮುಚ್ಚಿದ ತಟ್ಟೆ ತಂದು ಮುಂದಿಟ್ಟಳಂತೆ. ತೆರೆದು ನೋಡಿದರೆ ಊಟವಿಲ್ಲ, ಕುದುರೆ ಸವಾರನ ಹಿಮ್ಮಡಿ ಮುಳ್ಳು. ಕಥೆ ನಿಜವೋ ಕಟ್ಟಿದ್ದೋ, ಲೂಟಿ ಆ ಮನೆಗಳಲ್ಲಿ ಎಷ್ಟು ಮಾಮೂಲಿ ಸಂಗತಿಯಾಗಿತ್ತು ಎಂಬುದಂತೂ ಅದರಲ್ಲಿದೆ.

ಇವರ ಅಡ್ಡಹೆಸರುಗಳು ಯಾಕೆ ಇಷ್ಟು ವಿಚಿತ್ರ?

ಒಂದೇ ಊರಲ್ಲಿ ಐದು ಜನ ಬಸವರಾಜ ಇದ್ದರೆ ಒಬ್ಬ ಕುಂಟ, ಒಬ್ಬ ಗಿರಣಿ, ಒಬ್ಬ ಸೊಟ್ಟಮೂತಿ ಆಗುವುದಿಲ್ಲವೇ, ಹಾಗೆ. ಒಂದು ಕಣಿವೆ ತುಂಬ ವಿಲ್ ಆರ್ಮ್‌ಸ್ಟ್ರಾಂಗ್‌ಗಳೇ ಇದ್ದಾಗ ಗುರುತಿಗೆ ಬೇರೇನು ದಾರಿ? ಮೂಗು ಕಳೆದುಕೊಂಡ ಕ್ಲೆಮ್ ಕ್ರೋಸರ್, ಬೆರಳಿಲ್ಲದ ವಿಲ್ ನಿಕ್ಸನ್, ಗುಡ್ಡಕ್ಕೆ ಬೆಂಕಿಯಿಡುವ ಆರ್ಚಿ. ಸರ್ಕಾರಿ ದೂರಿನ ಪತ್ರಗಳಲ್ಲೂ ಈ ಹೆಸರುಗಳೇ ಗಂಭೀರವಾಗಿ ದಾಖಲಾಗಿವೆ.

ನಮ್ಮ ತುರುಗಾಳಗದ ಥರಾನೇ ಅಲ್ವಾ ಇದು?

ಕನ್ನಡದವರು ಕೇಳಲೇಬೇಕಾದ ಪ್ರಶ್ನೆ. ಹೊರನೋಟಕ್ಕೆ ಹೌದು: ದನವೇ ಸಂಪತ್ತು, ಗಡಿಯೂರುಗಳ ಮೇಲೆ ದಾಳಿ, ಬೆನ್ನಟ್ಟಿ ಹೋಗಿ ಕಾದಾಟ. ಆದರೆ ನೆನಪು ಉಳಿದ ಬಗೆ ಬೇರೆ. ನಮ್ಮ ಊರ ಹೊರಗಿನ ವೀರಗಲ್ಲುಗಳಲ್ಲಿ ಹೆಚ್ಚಾಗಿ ನಿಂತಿರುವವನು ತುರುವನ್ನು ಮರಳಿಸಲು ಹೋಗಿ ಸತ್ತವನು. ಕೆಳಗಿನ ಪಟ್ಟಿಕೆಯಲ್ಲಿ ಅವನ ಕಾಳಗ, ನಡುವೆ ಅಪ್ಸರೆಯರು ಕೊಂಡೊಯ್ಯುವ ದೃಶ್ಯ, ಮೇಲೆ ಶಿವಸನ್ನಿಧಿ. ಅಲ್ಲಿ ಹಾಗಲ್ಲ, ಲಾವಣಿ ಹುಟ್ಟಿದ್ದು ದನ ಹೊಡೆದವನ ಮೇಲೆ. ಕಳೆದುಕೊಂಡವನ ಅಳಲು ಹಾಡಿನಲ್ಲಿ ಅಲ್ಲೊಂದು ಇಲ್ಲೊಂದು ಸಿಕ್ಕೀತು. ಅದು ತುಂಬಿರುವುದು ಗಡಿ ಅಧಿಕಾರಿಗಳಿಗೆ ಬರೆದ ದೂರುಗಳಲ್ಲಿ. ಇಂತಿಷ್ಟು ಹಸು, ಇಂತಿಷ್ಟು ಕುದುರೆ, ಮನೆಯ ಸಾಮಾನು, ಸತ್ತವರ ಹೆಸರು. ಲಾವಣಿ ಓದಿ ರೀವರ್‌ಗಳನ್ನು ಮೆಚ್ಚಿಕೊಂಡವರು ಆ ದೂರುಗಳನ್ನೂ ಒಮ್ಮೆ ಓದಬೇಕು.

## ಕಾಯ್ದೆ ಇತ್ತು, ಆದರೂ

ಎರಡು ರಾಜ್ಯ ಇದ್ವಲ್ಲ, ಕೇಳೋರೇ ಇರ್ಲಿಲ್ವಾ?

ಕೇಳುವವರೂ ಇದ್ದರು, ಕಾಯ್ದೆಯೂ ಇತ್ತು. ಗಡಿಗೆಂದೇ ಎರಡೂ ರಾಜ್ಯಗಳು ಒಪ್ಪಿದ ಕಟ್ಟಳೆಗಳನ್ನು 1249ರಲ್ಲೇ ಬರೆದಿಡಲಾಗಿತ್ತು. ಪ್ರತಿ ಮಾರ್ಚ್‌ಗೂ ಒಬ್ಬ ‘ವಾರ್ಡನ್’, ಅಂದರೆ ಗಡಿ ನೋಡಿಕೊಳ್ಳುವ ಅಧಿಕಾರಿ. ಎದುರು ಬದುರಿನ ವಾರ್ಡನ್‌ಗಳು ಆಗಾಗ ಒಂದು ‘ಕದನವಿರಾಮದ ದಿನ’ ಗೊತ್ತುಮಾಡಿ ಗಡಿಯ ಮೇಲೆಯೇ ಸೇರುತ್ತಿದ್ದರು.

ಆ ದಿನ ನಡೆಯುತ್ತಿದ್ದುದು ಹೀಗೆ. ಎರಡು ಕಡೆಯವರೂ ದೂರದಲ್ಲಿ ನಿಲ್ಲುತ್ತಾರೆ. ಇಂಗ್ಲಿಷ್ ಸವಾರರು ಮೊದಲು ಹೋಗಿ ಮರುದಿನ ಸೂರ್ಯ ಹುಟ್ಟುವವರೆಗೆ ಯಾರ ಮೇಲೂ ಕೈಮಾಡುವುದಿಲ್ಲವೆಂಬ ಭರವಸೆ ಕೇಳುತ್ತಾರೆ, ಆಮೇಲೆ ಸ್ಕಾಟರು ಬಂದು ಅದನ್ನೇ ಕೇಳುತ್ತಾರೆ. ವಾರ್ಡನ್‌ಗಳು ಕೈಯೆತ್ತಿ ಒಪ್ಪಿದ ಮೇಲೆ ಪಂಚರ ಆಯ್ಕೆ: ಸ್ಕಾಟಿಷ್ ವಾರ್ಡನ್ ಆರು ಜನ ಇಂಗ್ಲಿಷರನ್ನೂ, ಇಂಗ್ಲಿಷ್ ವಾರ್ಡನ್ ಆರು ಜನ ಸ್ಕಾಟರನ್ನೂ ಆರಿಸುತ್ತಾನೆ. ಎದುರಾಳಿಯ ಕಡೆಯಿಂದ ಪ್ರಾಮಾಣಿಕರನ್ನು ನೀನೇ ಹುಡುಕಿಕೋ ಎಂಬ ಲೆಕ್ಕ. ಆಮೇಲೆ ದೂರುಗಳ ವಿಚಾರಣೆ. ತಪ್ಪು ಸಾಬೀತಾದರೆ ಕದ್ದ ಮಾಲಿನ ಬೆಲೆಯ ಮೂರು ಪಟ್ಟು ತೆರಬೇಕು. ಸುತ್ತ ವ್ಯಾಪಾರಿಗಳ ಅಂಗಡಿ, ಕುಡಿತ, ಜೂಜು, ಹೆಚ್ಚುಕಡಿಮೆ ಜಾತ್ರೆ.

ಅಷ್ಟರವರೆಗೆ ಕಾಯಲಾರದವನಿಗೆ ಇನ್ನೊಂದು ದಾರಿಯೂ ಇತ್ತು. ಕಳುವಾದ ಆರು ದಿನದೊಳಗೆ ಭರ್ಜಿಯ ತುದಿಗೆ ಉರಿಯುವ ಪೀಟ್ (ಉರುವಲಾಗಿ ಬಳಸುವ ಜೌಗುಮಣ್ಣು) ಹೆಂಟೆ ಸಿಕ್ಕಿಸಿಕೊಂಡು, ನಾಯಿ ಬಿಟ್ಟು, ಕೊಂಬೂದುತ್ತ ಗಡಿ ದಾಟಿ ಬೆನ್ನಟ್ಟಬಹುದು. ದಾರಿಯಲ್ಲಿ ಸಿಕ್ಕವರು ನೆರವಿಗೆ ಬರಲೇಬೇಕು. ಅಡ್ಡಿಪಡಿಸಿದವನು ಕಳ್ಳನ ಜೊತೆಗಾರ.

ಇಷ್ಟು ಚೆಂದದ ವ್ಯವಸ್ಥೆ ಇದ್ರೂ ಯಾಕೆ ಕೆಲಸ ಮಾಡ್ಲಿಲ್ಲ?

ಎರಡೂ ಸಿಂಹಾಸನಗಳಿಗೆ ಗಡಿ ಪೂರ್ತಿ ತಣ್ಣಗಾಗುವುದು ಬೇಕಿರಲಿಲ್ಲ. ಯುದ್ಧ ಸಾರದೆ ಪಕ್ಕದ ರಾಜ್ಯಕ್ಕೆ ತೊಂದರೆ ಕೊಡಬೇಕಾದರೆ ರೀವರ್‌ಗಳ ಕಡೆ ಕಣ್ಣು ಮುಚ್ಚಿಕೊಂಡರೆ ಸಾಕಾಗಿತ್ತು. ಯುದ್ಧ ಬಂದಾಗಲಂತೂ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ ಸುಟ್ಟುಹೋಗುತ್ತಿದ್ದುದು ಈ ಕಣಿವೆಗಳೇ. 1544–45ರಲ್ಲಿ ಎಂಟನೆಯ ಹೆನ್ರಿಯ ಸೈನ್ಯ ಕೆಲ್ಸೊ, ಮೆಲ್ರೋಸ್, ಜೆಡ್‌ಬರೊ, ಡ್ರೈಬರೊ ಮಠಗಳನ್ನೂ ಸುತ್ತಲ ಹಳ್ಳಿಗಳನ್ನೂ ಸುಟ್ಟಿತು. ನೆಟ್ಟ ಬೆಳೆಯನ್ನು ಯಾವ ಸೈನ್ಯ ಯಾವಾಗ ಸುಡುತ್ತದೋ ಗೊತ್ತಿಲ್ಲದ ಊರಿನಲ್ಲಿ ಜನ ಹೊಡೆದುಕೊಂಡು ಓಡಬಹುದಾದ ದನವನ್ನು ನಂಬುತ್ತಾರೆ, ಬೆಳೆಯನ್ನಲ್ಲ. ಜೊತೆಗೆ ಇಂಗ್ಲಿಷ್ ಕಡೆಯ ಟೈನ್‌ಡೇಲ್, ರೀಡ್ಸ್‌ಡೇಲ್‌ಗಳಲ್ಲಿ ಜಮೀನು ಎಲ್ಲ ಗಂಡುಮಕ್ಕಳಿಗೂ ಹಂಚಿಹೋಗುತ್ತಿತ್ತು. ಎರಡು ತಲೆಮಾರಿಗೆ ಹೊಟ್ಟೆಗೆ ಸಾಲದಷ್ಟು ತುಂಡು.

ಇನ್ನು ವಾರ್ಡನ್‌ಗಳು. ಬೇಲಿಯೇ ಎದ್ದು ಹೊಲ ಮೇಯ್ದ ಉದಾಹರಣೆಗಳಿಗೆ ಲೆಕ್ಕವಿಲ್ಲ. ಸ್ಕಾಟಿಷ್ ಕಡೆ ಆ ಹುದ್ದೆ ಮ್ಯಾಕ್ಸ್‌ವೆಲ್, ಕೆರ್‌ಗಳಂಥ ಸ್ಥಳೀಯ ಪ್ರಭುಗಳಿಗೇ ಸಿಗುತ್ತಿತ್ತು, ಅಂದರೆ ಜಗಳದ ಒಂದು ಪಕ್ಷವೇ ನ್ಯಾಯಾಧೀಶ. ಇಂಗ್ಲಿಷ್ ಕಡೆ ಸರ್ ಜಾನ್ ಫಾರ್ಸ್ಟರ್ ದಶಕಗಳ ಕಾಲ ವಾರ್ಡನ್ ಆಗಿದ್ದ. ಕಳ್ಳರ ಜೊತೆ ಶಾಮೀಲಾಗಿದ್ದಾನೆಂಬ ಆರೋಪವೂ ಜೊತೆಗೇ ಇತ್ತು. ಕದನವಿರಾಮದ ದಿನವೇ ಕದನವಾದದ್ದೂ ಉಂಟು: 1575ರಲ್ಲಿ ರೀಡ್ಸ್‌ವೈರ್‌ನಲ್ಲಿ ಮಾತಿಗೆ ಮಾತು ಬೆಳೆದು ಹೆಣ ಬಿದ್ದವು, 1585ರಲ್ಲಿ ಅಂಥದ್ದೇ ಸಭೆಯಲ್ಲಿ ಫ್ರಾನ್ಸಿಸ್ ರಸಲ್ ಎಂಬ ಇಂಗ್ಲಿಷ್ ಪ್ರಭು ಸತ್ತ. ಇತ್ತ ಪ್ರಾಮಾಣಿಕವಾಗಿ ಕೆಲಸ ಮಾಡಿದ ಸ್ಕಾಟಿಷ್ ವಾರ್ಡನ್ ಕಾರ್‌ಮೈಕಲ್‌ನನ್ನು 1600ರಲ್ಲಿ ಆರ್ಮ್‌ಸ್ಟ್ರಾಂಗ್‌ಗಳು ಕೊಂದೇಬಿಟ್ಟರು.

‘ಯಾರಿಗೂ ಸೇರದ ನೆಲ’ ಅಂತಿತ್ತಂತೆ, ಏನದು?

ಎಸ್ಕ್ ಮತ್ತು ಸಾರ್ಕ್ ನದಿಗಳ ನಡುವೆ ಸುಮಾರು 16 ಕಿ.ಮೀ. ಉದ್ದ, 6 ಕಿ.ಮೀ. ಅಗಲದ ಪಟ್ಟಿ. ಎರಡೂ ರಾಜ್ಯಗಳು ತನ್ನದೆನ್ನುತ್ತಿದ್ದವು. ಹಾಗಾಗಿ ಹಗಲು ದನ ಮೇಯಿಸಬಹುದು, ಮನೆ ಕಟ್ಟುವಂತಿಲ್ಲ ಎಂಬ ರಾಜಿ. ಆರ್ಮ್‌ಸ್ಟ್ರಾಂಗ್, ಗ್ರಹಾಂಗಳು ಕಟ್ಟಿಯೇ ಕಟ್ಟಿದರು. ರೋಸಿಹೋದ ಅಧಿಕಾರಿಗಳು 1551ರಲ್ಲಿ, ಅಲ್ಲಿರುವವರನ್ನು ಯಾರು ಬೇಕಾದರೂ ದೋಚಲಿ, ಸುಡಲಿ, ಕೊಲ್ಲಲಿ, ಕೇಳುವುದಿಲ್ಲ ಎಂದು ಸಾರಿದರು. ಮರುವರ್ಷ ಫ್ರೆಂಚ್ ರಾಯಭಾರಿಯನ್ನು ಮಧ್ಯಸ್ಥನನ್ನಾಗಿ ಕೂರಿಸಿ ನೆಲವನ್ನು ಹಂಚಿ ನಡುವೆ ಕಂದಕ-ದಿಬ್ಬ ಹಾಕಿಸಲಾಯಿತು. ಆ ದಿಬ್ಬದ ಗುರುತು ಇಂದಿಗೂ ಇದೆ.

ಕಿನ್‌ಮಂಟ್ ವಿಲ್ಲಿ ಜೈಲಿನಿಂದ ಪಾರಾದ ಕಥೆ ನಿಜಾನಾ?

ನಿಜ, ಲಾವಣಿಯಷ್ಟು ಅದ್ಭುತವಾಗಿ ಅಲ್ಲ. 1596ರ ಮಾರ್ಚ್ ತಿಂಗಳಲ್ಲಿ ಕದನವಿರಾಮದ ಸಭೆ ಮುಗಿಸಿ ಮನೆಗೆ ಹೊರಟಿದ್ದ ವಿಲ್ಲಿ ಆರ್ಮ್‌ಸ್ಟ್ರಾಂಗ್‌ನನ್ನು ಇಂಗ್ಲಿಷರು ಹಿಡಿದರು. ಸೂರ್ಯ ಹುಟ್ಟುವವರೆಗಿನ ಭರವಸೆ ಮುರಿದರು ಎಂಬುದು ಸ್ಕಾಟರ ಆಕ್ಷೇಪ. ಲಿಡ್ಸ್‌ಡೇಲ್‌ನ ಅಧಿಕಾರಿ, ಬಕ್ಲೂ ಪ್ರಭು ವಾಲ್ಟರ್ ಸ್ಕಾಟ್ ಬಿಡುಗಡೆ ಕೇಳಿದ, ಸಿಗಲಿಲ್ಲ. ಏಪ್ರಿಲ್ 13ರ ಮಳೆಯ ರಾತ್ರಿ ಸಣ್ಣ ಗುಂಪು ಕಟ್ಟಿಕೊಂಡು, ವಿಲ್ಲಿಯನ್ನು ಇಟ್ಟಿದ್ದ ಇಂಗ್ಲಿಷ್ ಕಡೆಯ ಕಾರ್ಲೈಲ್ ಕೋಟೆಗೆ ಹೋದ. ತಂದ ಏಣಿ ಗಿಡ್ಡವಾಯಿತು. ಹಿತ್ತಿಲ ಬಾಗಿಲಿನಿಂದ ನುಗ್ಗಿ ವಿಲ್ಲಿಯನ್ನು ಕರೆದುಕೊಂಡು ಬಂದ. ಒಳಗಿನವರ ಕೈವಾಡವಿಲ್ಲದೆ ಇದು ಆಗುವ ಮಾತಲ್ಲ. ಇಂಗ್ಲಿಷ್ ಕಡೆಯ ಗ್ರಹಾಂ, ಕಾರ್ಲ್‌ಟನ್‌ಗಳೇ ನೆರವಾಗಿದ್ದರು. ಇಂಗ್ಲೆಂಡಿನ ರಾಣಿ ಎಲಿಜಬೆತ್ ಕೆಂಡವಾದಳು. ಮರುವರ್ಷ ಬಕ್ಲೂ ಕೆಲಕಾಲ ಇಂಗ್ಲಿಷರಿಗೆ ಒಪ್ಪಿಸಿಕೊಳ್ಳಬೇಕಾಯಿತು.

ಇಲ್ಲಿ ಸ್ಕಾಟ್ಲೆಂಡಿನ ದೊರೆ ಆರನೆಯ ಜೇಮ್ಸ್‌ನ ಇಕ್ಕಟ್ಟು ಗಮನಿಸಿ. ತನ್ನ ಜನ ಬಕ್ಲೂನನ್ನು ಹೊತ್ತು ಮೆರೆಸುತ್ತಿದ್ದಾರೆ. ಮಕ್ಕಳಿಲ್ಲದ ಎಲಿಜಬೆತ್‌ಳ ಸಿಂಹಾಸನದ ಮೇಲೆ ಇವನಿಗೆ ಕಣ್ಣು. ಅವಳು ಕೊಡುವ ವರ್ಷಾಶನವೂ ಬೇಕು.

## ದೊರೆಗಳ ಕೈ ಬಿಗಿಯಾದಾಗ

ಜಾನಿ ಆರ್ಮ್‌ಸ್ಟ್ರಾಂಗ್‌ನ ನೇಣಿಗೆ ಹಾಕಿದ್ದು ಇದೇ ಜೇಮ್ಸ್ ತಾನೇ?

ಅಲ್ಲ, ಇವನ ಅಜ್ಜ ಐದನೆಯ ಜೇಮ್ಸ್. ಇಬ್ಬರನ್ನೂ ಕಲಸಿಬಿಡುವವರು ಬಹಳ.

1530ರಲ್ಲಿ ಹದಿನೆಂಟರ ಹರೆಯದ ಆ ರಾಜ ಮೊದಲು ಗಡಿಯ ದೊಡ್ಡ ಪ್ರಭುಗಳನ್ನು ಸೆರೆಯಲ್ಲಿಟ್ಟ. ಆಮೇಲೆ ಸೈನ್ಯದೊಂದಿಗೆ ದಕ್ಷಿಣಕ್ಕೆ ಬಂದು ಕಾರ್‌ಲನ್‌ರಿಗ್‌ನಲ್ಲಿ ಗಿಲ್ನಾಕಿಯ ಜಾನಿ ಆರ್ಮ್‌ಸ್ಟ್ರಾಂಗ್‌ನನ್ನೂ ಅವನ ಜೊತೆಗಾರರನ್ನೂ ಹಿಡಿದು ನೇಣು ಹಾಕಿಸಿದ. ರಾಜನೇ ಓಲೆ ಕಳಿಸಿ ಕರೆಸಿದ್ದ, ಜಾನಿ ನಂಬಿ ಬಂದಿದ್ದ ಎಂದು ಲಾವಣಿ ಹೇಳುತ್ತದೆ. ಜಾನಿಯ ಠೀವಿಯ ಉಡುಪು ಕಂಡು ರಾಜನಿಗೆ ಉರಿದುಹೋಯಿತಂತೆ.

ಫಲ ಏನು? ಲಿಡ್ಸ್‌ಡೇಲ್ ಅವನನ್ನು ಕ್ಷಮಿಸಲಿಲ್ಲ. 1542ರಲ್ಲಿ ಸಾಲ್ವೇ ಮಾಸ್‌ನಲ್ಲಿ ಇಂಗ್ಲಿಷರ ಎದುರು ಸೋತು ಚದುರಿ ಓಡುತ್ತಿದ್ದ ತಮ್ಮದೇ ರಾಜ್ಯದ ಸೈನಿಕರನ್ನು ಲಿಡ್ಸ್‌ಡೇಲಿನವರು ಅಡ್ಡಗಟ್ಟಿ ದೋಚಿದರು. ಲೂಟಿಯೂ ನಿಲ್ಲಲಿಲ್ಲ. ಬೆನ್ನಟ್ಟಿದರೆ ಹತ್ತು ಮೈಲಿ ದಾಟಿ ಇಂಗ್ಲೆಂಡಿಗೆ ಹೋಗಿ ಕೂರುವವನನ್ನು ಸ್ಕಾಟ್ಲೆಂಡಿನ ರಾಜ ಏನು ಮಾಡಿಯಾನು?

ಬಿಷಪ್ ಒಬ್ಬ ಶಾಪ ಹಾಕಿದ್ದನಂತೆ?

ಹೌದು, ಗ್ಲಾಸ್ಗೋದ ಆರ್ಚ್‌ಬಿಷಪ್ ಗ್ಯಾವಿನ್ ಡನ್‌ಬಾರ್, 1525ರಲ್ಲಿ. ರೀವರ್‌ಗಳ ತಲೆ, ಕೂದಲು, ನಾಲಗೆ, ಹಲ್ಲು, ಹೆಂಡತಿ, ಮಕ್ಕಳು, ದನ, ನೇಗಿಲು, ಒಂದನ್ನೂ ಬಿಡದೆ ಸಾವಿರಕ್ಕೂ ಹೆಚ್ಚು ಪದಗಳಲ್ಲಿ ಶಪಿಸಿ ಗಡಿಯ ಚರ್ಚುಗಳಲ್ಲಿ ಓದಿಸಿದ. ಪರಿಣಾಮ ಸೊನ್ನೆ. 2001ರಲ್ಲಿ ಕಾರ್ಲೈಲ್‌ನವರು ಇದರ ಒಂದು ಭಾಗವನ್ನು ಬಂಡೆಯ ಮೇಲೆ ಕೆತ್ತಿಸಿ ನಿಲ್ಲಿಸಿದರು. ಅದೇ ವರ್ಷ ಕಾಲುಬಾಯಿ ಜ್ವರ, 2005ರಲ್ಲಿ ಪ್ರವಾಹ. ಬಂಡೆಯನ್ನು ಕಿತ್ತು ಹಾಕಿ ಎಂದು ನಗರಸಭೆಯಲ್ಲಿ ಗೊತ್ತುವಳಿಯೇ ಬಂತು. ಬಿದ್ದುಹೋಯಿತು, ಬಂಡೆ ಅಲ್ಲೇ ಇದೆ.

1603ರಲ್ಲಿ ಅಂಥದ್ದೇನಾಯ್ತು, ಎಲ್ಲ ತಲೆಕೆಳಗಾಗೋಕೆ?

ಮಾರ್ಚ್ 24ರಂದು ಎಲಿಜಬೆತ್ ತೀರಿಕೊಂಡಳು. ಇಂಗ್ಲಿಷ್ ಗಡಿಯ ಮಧ್ಯಭಾಗದ ವಾರ್ಡನ್ ರಾಬರ್ಟ್ ಕ್ಯಾರಿ ಆಗ ಅರಮನೆಯಲ್ಲಿದ್ದ. ಹೊಸ ರಾಜನಿಗೆ ಸುದ್ದಿ ಮುಟ್ಟಿಸುವ ಮೊದಲಿಗ ತಾನೇ ಆಗಬೇಕೆಂದು ಕುದುರೆ ಹತ್ತಿದವನು, ದಾರಿಯಲ್ಲಿ ಬಿದ್ದು, ಕುದುರೆಯಿಂದ ತಲೆಗೆ ಒದೆಸಿಕೊಂಡು, 26ರ ರಾತ್ರಿ ಎಡಿನ್‌ಬರೊ ತಲುಪಿದ. ಸ್ಕಾಟ್ಲೆಂಡಿನ ಆರನೆಯ ಜೇಮ್ಸ್ ಇಂಗ್ಲೆಂಡಿನ ಒಂದನೆಯ ಜೇಮ್ಸ್ ಆದ.

ಇತ್ತ ಗಡಿಯಲ್ಲಿ ಹಬ್ಬ. ರಾಣಿ ಸತ್ತಳು, ಹೊಸ ರಾಜನಿಗೆ ಪಟ್ಟವಾಗಿಲ್ಲ, ಅಂದಮೇಲೆ ನಡುವಿನ ದಿನಗಳಲ್ಲಿ ಕಾಯ್ದೆಯೇ ಇಲ್ಲ ಎಂಬ ತರ್ಕ. ಗ್ರಹಾಂ, ಆರ್ಮ್‌ಸ್ಟ್ರಾಂಗ್, ಎಲಿಯಟ್‌ಗಳು ಇಂಗ್ಲಿಷ್ ಪ್ರಾಂತ್ಯ ಕಂಬರ್ಲೆಂಡಿನೊಳಗೆ ಪೆನ್ರಿತ್‌ವರೆಗೂ ನುಗ್ಗಿ ಸಾವಿರಾರು ದನ-ಕುರಿ ಹೊಡೆದುಕೊಂಡು ಹೋದರು. ಇದನ್ನು ‘ಕೆಟ್ಟ ವಾರ’ ಎಂದು ಕರೆದರು. ಲಂಡನ್ನಿಗೆ ಮೆರವಣಿಗೆ ಹೊರಟಿದ್ದ ಜೇಮ್ಸ್‌ಗೆ ಸುದ್ದಿ ಮುಟ್ಟಿದ್ದು ದಾರಿಯಲ್ಲೇ. ಬೆರ್ವಿಕ್‌ನಿಂದಲೇ ಸೈನಿಕರನ್ನು ಅಟ್ಟಿದ. ಆಮೇಲೆ ಹಳೆಯ ತಪ್ಪುಗಳಿಗೆ ಕ್ಷಮೆ ಕೊಟ್ಟಾಗಲೂ ಆ ವಾರದವರನ್ನು ಹೊರಗಿಟ್ಟ. ಎರಡು ರಾಜ್ಯ ಒಂದಾದ ಸಂಭ್ರಮಕ್ಕೆ ಮಸಿ ಬಳಿದರು ಎಂಬ ಸಿಟ್ಟು ಅವನಿಗೆ ಹೋಗಲೇ ಇಲ್ಲ.

ಜೇಮ್ಸ್ ಏನೇನು ಮಾಡಿದ? ದೊಡ್ಡ ಸೈನ್ಯ ಕಳಿಸಿದ್ನಾ?

ದೊಡ್ಡ ಸೈನ್ಯ ಬೇಕಾಗಲಿಲ್ಲ. ಮೊದಲು ಹೆಸರು ಬದಲಿಸಿದ: ಇನ್ನು ಇದು ಗಡಿಯಲ್ಲ, ನನ್ನ ರಾಜ್ಯದ ‘ನಡುನಾಡು’. ವಾರ್ಡನ್ ಹುದ್ದೆಗಳು ರದ್ದು. ಬೆರ್ವಿಕ್‌ನ ಕಾವಲು ಪಡೆ ಕಡಿತ. ಎರಡು ರಾಜ್ಯಗಳ ನಡುವಿನ ಹಗೆಯ ಕಾಯ್ದೆಗಳನ್ನು ಇಂಗ್ಲಿಷ್ ಸಂಸತ್ತು 1607ರಲ್ಲಿ ತೆಗೆದುಹಾಕಿತು.

1605ರಲ್ಲಿ ಒಂದು ಜಂಟಿ ಆಯೋಗ: ಐದು ಜನ ಇಂಗ್ಲಿಷರು, ಐದು ಜನ ಸ್ಕಾಟರು. ಸ್ಕಾಟಿಷ್ ಕಡೆ ಸರ್ ವಿಲಿಯಂ ಕ್ರಾನ್‌ಸ್ಟನ್ ಕೈಯಲ್ಲಿ ಬರೇ 25 ಸವಾರರ ಪಡೆ. ಇಪ್ಪತ್ತೈದು ಯಾಕೆ ಸಾಕಾಯಿತೆಂದರೆ, ಅವರು ಗಡಿ ಕಂಡೊಡನೆ ಕುದುರೆ ನಿಲ್ಲಿಸಬೇಕಾಗಿರಲಿಲ್ಲ. ಆಯುಧ ಹಿಡಿಯುವುದು ನಿಷೇಧ. ಬೆಲೆಬಾಳುವ ಕುದುರೆ ಸಾಕುವಂತಿಲ್ಲ. ಉಳುವ ಕುದುರೆ ಸಾಕು. ಕೋಟೆಯಂಥ ಗೋಪುರ-ಮನೆಗಳ ಕಬ್ಬಿಣದ ಬಾಗಿಲು ಕಿತ್ತು ನೇಗಿಲ ಗುಳ ಮಾಡಿಸಿ ಎಂದು ಆಜ್ಞೆ. ಜಮೀನ್ದಾರರಿಂದ ‘ನನ್ನ ಒಕ್ಕಲಿನವರು ತಪ್ಪು ಮಾಡಿದರೆ ನಾನೇ ಹೊಣೆ’ ಎಂದು ಮುಚ್ಚಳಿಕೆ. ಈ ಮುಚ್ಚಳಿಕೆ ಪದ್ಧತಿ ಅವನ ಹೊಸ ಕಲ್ಪನೆಯಲ್ಲ. 1587ರ ಸ್ಕಾಟಿಷ್ ಕಾಯ್ದೆಯಲ್ಲೇ ಇತ್ತು. ಈಗ ಜಾರಿಗೆ ಬಂತು. ಕಳ್ಳರ ವಾಸನೆ ಹಿಡಿಯುವ ನಾಯಿಗಳನ್ನು ಸಾಕಬೇಕು, ಖರ್ಚು ಊರವರದ್ದು.

ಇದರ ಮೇಲೆ ಡನ್‌ಬಾರ್ ಅರ್ಲ್ (ಅರ್ಲ್ ಎಂದರೆ ಒಂದು ಪ್ರಭು ಪದವಿ) ಜಾರ್ಜ್ ಹೋಂ. ರಾಜನ ಆಪ್ತ, ಎರಡೂ ಕಡೆ ಅಧಿಕಾರ ಚಲಾಯಿಸಬಲ್ಲವನು. ಅವನ ಕಾಲದಲ್ಲಿ ಜೆಡ್‌ಬರೊದ ನ್ಯಾಯ ಎಂದರೆ ಮೊದಲು ನೇಣು, ಆಮೇಲೆ ವಿಚಾರಣೆ ಎಂಬ ಮಾತೇ ಹುಟ್ಟಿಕೊಂಡಿತು. ಅದು ಬರೀ ಕುಹಕವಲ್ಲ. ವಿಚಾರಣೆಯಿಲ್ಲದೆ ಜನರನ್ನು ಕೊಂದದ್ದಕ್ಕೆ ಕ್ರಾನ್‌ಸ್ಟನ್ ಮೇಲೆ ಮೊಕದ್ದಮೆ ಬೀಳದಂತೆ ರಾಜನ ಸಲಹಾ ಮಂಡಳಿಯಾದ ಸ್ಕಾಟಿಷ್ ಪ್ರಿವಿ ಕೌನ್ಸಿಲ್ ರಕ್ಷಣೆಯ ಪತ್ರವನ್ನೇ ಕೊಡಬೇಕಾಯಿತು.

ಗ್ರಹಾಂ ಮನೆತನದ ಮೇಲೇ ಯಾಕಷ್ಟು ಕಣ್ಣು?

ಕೆಟ್ಟ ವಾರದಲ್ಲಿ ಮುಂದಿದ್ದವರು ಅವರು ಎಂಬುದು ಹೇಳಿದ ಕಾರಣ. ಎಸ್ಕ್ ನದಿಯ ದಂಡೆಯ ಅವರ ಒಳ್ಳೆಯ ಜಮೀನು ಹೇಳದ ಕಾರಣ. 1604ರಲ್ಲಿ ಆ ನೆಲವನ್ನು ಕಂಬರ್ಲೆಂಡ್ ಅರ್ಲ್‌ಗೆ ಬರೆದುಕೊಡಲಾಯಿತು. ಅಲ್ಲಿ ಕೂತಿದ್ದವರನ್ನು ಎಬ್ಬಿಸಬೇಕಾಗಿತ್ತು.

1605ರಲ್ಲಿ ಸುಮಾರು 150 ಜನರನ್ನು ಹಾಲೆಂಡಿನ ಫ್ಲಶಿಂಗ್, ಬ್ರಿಲ್ ಕೋಟೆಗಳ ಕಾವಲಿಗೆ ಸಾಗಿಸಿದರು. ಹಲವರು ಕೆಲವೇ ತಿಂಗಳಲ್ಲಿ ತಪ್ಪಿಸಿಕೊಂಡು ವಾಪಸು ಬಂದರು. ಸರಿ, ಸಂಸಾರ ಸಮೇತ ಐರ್ಲೆಂಡಿಗೆ ಕಳಿಸೋಣ ಎಂದು ಕಂಬರ್ಲೆಂಡಿನ ಜಮೀನ್ದಾರರಿಂದ ಚಂದಾ ಎತ್ತಿ, ವರ್ಕಿಂಗ್‌ಟನ್ ಬಂದರಿನಿಂದ ಹಡಗು ಹತ್ತಿಸಿ, ರಾಸ್‌ಕಾಮನ್ ಪ್ರಾಂತ್ಯದಲ್ಲಿ ಸರ್ ರಾಲ್ಫ್ ಸಿಡ್ಲಿ ಎಂಬವನ ಜಮೀನಿಗೆ ಒಕ್ಕಲು ಹಾಕಿದರು. ಸೌದೆಯಿಲ್ಲ, ನೀರಿಲ್ಲ, ಭಾಷೆ ಬಾರದು. ಕೊಟ್ಟ ಹಣ ಕೈಸೇರಿಲ್ಲ ಎಂಬ ದೂರು ಬೇರೆ. ಅಲ್ಲಿಂದಲೂ ಒಬ್ಬೊಬ್ಬರೇ ಮರಳಿದರು. ಮರಳಿದವರಿಗೆ ಕಾದಿದ್ದದ್ದು ನೇಣು.

ಕಥೆಗೆ ಒಂದು ಬಾಲವಿದೆ. ಅದೇ ಕುಲದ ರಿಚರ್ಡ್ ಗ್ರಹಾಂ ಎಂಬವನು ಲಂಡನ್ ಸೇರಿ, ಬಕಿಂಗ್‌ಹ್ಯಾಂ ಡ್ಯೂಕ್‌ನ ಕುದುರೆಲಾಯದ ಮುಖ್ಯಸ್ಥನಾಗಿ ಬೆಳೆದು, ಕಂಬರ್ಲೆಂಡ್ ಅರ್ಲ್‌ನಿಂದಲೇ ಆ ಜಮೀನನ್ನು ದುಡ್ಡು ಕೊಟ್ಟು ಕೊಂಡ. 1629ರಲ್ಲಿ ಬ್ಯಾರೊನೆಟ್ ಪದವಿಯೂ ಬಂತು.

## ಇನ್ನೂ ಆಳಕ್ಕಿಳಿಯುವವರಿಗೆ

ನೇಣಿನಿಂದ ಲೂಟಿ ನಿಂತಿತಾ, ಗಡಿ ಹೋಗಿದ್ರಿಂದ ನಿಂತಿತಾ?

ನನ್ನ ಮಟ್ಟಿಗೆ ಗಡಿ ಹೋದದ್ದೇ ಮೂಲ. ನೇಣು ಜೇಮ್ಸ್‌ನ ಅಜ್ಜನ ಕಾಲದಲ್ಲೂ ಇತ್ತು, ಎಲಿಜಬೆತ್‌ಳ ವಾರ್ಡನ್‌ಗಳೂ ಧಾರಾಳವಾಗಿ ಹಾಕಿದ್ದರು. 1601ರಲ್ಲಿ ಕ್ಯಾರಿ ಟಾರಸ್ ಜೌಗಿನಲ್ಲಿ ಅಡಗಿದ್ದ ಲಿಡ್ಸ್‌ಡೇಲಿನವರನ್ನು ವಾರಗಟ್ಟಲೆ ಕಾದು ಸುತ್ತುವರಿದು ಹಿಡಿದ. ಎರಡು ವರ್ಷದಲ್ಲಿ ಮತ್ತೆ ಶುರುವಾಗಿತ್ತು. ರೀವರ್‌ನ ಬಂಡವಾಳ ಕುದುರೆಯಲ್ಲ, ಭರ್ಜಿಯಲ್ಲ. ಪಕ್ಕದಲ್ಲೇ ಇದ್ದ ಇನ್ನೊಂದು ರಾಜ್ಯ. ಕದ್ದದ್ದನ್ನು ಅಲ್ಲಿ ಮಾರಬಹುದು, ತಲೆಮರೆಸಿಕೊಳ್ಳಬಹುದು. ಅಲ್ಲಿನ ಅಧಿಕಾರಿಗೆ ಇವನಿಂದ ಉಪಯೋಗವೂ ಇತ್ತು. ಒಬ್ಬನೇ ರಾಜ ಎರಡು ಕಡೆಯನ್ನೂ ಆಳತೊಡಗಿದ ದಿನ ಈ ಮೂರೂ ಹೋದವು.

ಆದರೆ ರಾಜ ಒಬ್ಬನಾದರೂ ರಾಜ್ಯ ಎರಡೇ ಉಳಿದವು, 1707ರವರೆಗೆ. ಕಾಯ್ದೆ, ನ್ಯಾಯಾಲಯ ಬೇರೆ ಬೇರೆ. ಇಂಗ್ಲಿಷ್ ಸಂಸತ್ತು ತನ್ನ ಪ್ರಜೆಗಳನ್ನು ಸ್ಕಾಟ್ಲೆಂಡಿನ ನ್ಯಾಯಾಲಯಕ್ಕೆ ಒಪ್ಪಿಸಲು ಸುಮ್ಮನೆ ಒಪ್ಪಲಿಲ್ಲ. ಈ ಸಂದಿಯನ್ನು ಡನ್‌ಬಾರ್ ಅರ್ಲ್ ತುಂಬಿದ್ದು ಕಾಯ್ದೆಯಿಂದಲ್ಲ, ದಬ್ಬಾಳಿಕೆಯಿಂದ.

ದೊಡ್ಡ ದರೋಡೆಕೋರರಿಗೆ ಶಿಕ್ಷೆ ಆಯ್ತಾ?

ಹೆಚ್ಚಿನವರಿಗೆ ಬಡ್ತಿ ಆಯಿತು. ಕಾರ್ಲೈಲ್ ಕೋಟೆಗೆ ನುಗ್ಗಿದ ಬಕ್ಲೂ ಗಡಿಯ ಪುಂಡರನ್ನು ಕಟ್ಟಿಕೊಂಡು ಡಚ್ಚರ ಯುದ್ಧಕ್ಕೆ ಹೋದ; 1606ರಲ್ಲಿ ಅವನಿಗೆ ಪ್ರಭು ಪದವಿ. ಅವನ ವಂಶದ ಬಕ್ಲೂ ಡ್ಯೂಕ್‌ಗಳು ಇಂದಿಗೂ ಸ್ಕಾಟ್ಲೆಂಡಿನ ಅತಿ ದೊಡ್ಡ ಭೂಮಾಲೀಕರ ಸಾಲಿನಲ್ಲಿದ್ದಾರೆ. ಗಾಳಿ ಬೀಸಿದ ಕಡೆ ಬೇಗ ತಿರುಗಿದವರು ಉಳಿದರು, ಸಣ್ಣಪುಟ್ಟ ಗೋಪುರದ ಒಡೆಯರು ಜಮೀನು ಕಳೆದುಕೊಂಡರು, ಜಮೀನೇ ಇಲ್ಲದವರು ನೇಣುಗಂಬ ಏರಿದರು.

ಅಪವಾದ ಮ್ಯಾಕ್ಸ್‌ವೆಲ್ ಪ್ರಭು. 1593ರ ಡ್ರೈಫ್ ಸ್ಯಾಂಡ್ಸ್ ಕಾಳಗದಲ್ಲಿ ತಂದೆಯನ್ನು ಜಾನ್‌ಸ್ಟನ್‌ಗಳು ಕೊಂದಿದ್ದರು. 1608ರಲ್ಲಿ ರಾಜಿ ಮಾತುಕತೆಗೆಂದು ಬಂದ ಜಾನ್‌ಸ್ಟನ್ ಮುಖ್ಯಸ್ಥನನ್ನು ಮಗ ಬೆನ್ನಿಗೆ ಗುಂಡಿಟ್ಟು ಕೊಂದ, ದೇಶ ಬಿಟ್ಟ, ಮರಳಿದಾಗ ಸಿಕ್ಕಿಬಿದ್ದ. 1613ರಲ್ಲಿ ಎಡಿನ್‌ಬರೊದಲ್ಲಿ ತಲೆ ಹೋಯಿತು.

ಹೈಲ್ಯಾಂಡ್ಸ್‌ನಲ್ಲೂ ಜೇಮ್ಸ್ ಹೀಗೇ ಮಾಡಿದನಾ?

ಹತ್ತಿರ ಹತ್ತಿರ. ಸ್ಕಾಟ್ಲೆಂಡಿನ ಉತ್ತರದ ಆ ಬೆಟ್ಟನಾಡಿನಲ್ಲಿ 1603ರಲ್ಲೇ ಮ್ಯಾಕ್‌ಗ್ರೆಗರ್ ಎಂಬ ಕುಲದ ಹೆಸರನ್ನೇ ನಿಷೇಧಿಸಿದ. 1609ರ ಅಯೋನಾ ಕಟ್ಟಳೆಗಳಲ್ಲಿ ದ್ವೀಪಗಳ ನಾಯಕರಿಂದ ಮಾತು ಬರೆಸಿಕೊಂಡ. ಆದರೆ ಅಲ್ಲಿ ಭಾಷೆಯೂ ಬೇರೆ, ಭೂಗೋಳವೂ ಬೇರೆ. ಗಡಿಯಲ್ಲಿ ಹತ್ತು ವರ್ಷಕ್ಕೆ ಆದದ್ದು ಅಲ್ಲಿ ಅವನ ಮೊಮ್ಮಕ್ಕಳ ಕಾಲಕ್ಕೂ ಆಗಲಿಲ್ಲ.

ಅಲ್ಲಿಗೆ ಲೂಟಿ ಪೂರ್ತಿ ನಿಂತುಹೋಯ್ತಾ?

ಮನೆತನವೇ ಎದ್ದು ಹೊರಡುವ ಲೂಟಿ 1620ರ ಹೊತ್ತಿಗೆ ಮುಗಿದಿತ್ತು. 1640ರ ದಶಕದ ಅಂತರ್ಯುದ್ಧದಲ್ಲಿ ‘ಮಾಸ್ ಟ್ರೂಪರ್’ ಎಂಬ ಜೌಗಿನ ಕಳ್ಳರು ಮತ್ತೆ ತಲೆಯೆತ್ತಿದರು. ಅವರನ್ನು ಹತ್ತಿಕ್ಕಲು 1662ರಲ್ಲಿ ಹೊಸ ಕಾಯ್ದೆಯೇ ಬೇಕಾಯಿತು. ಇವರು ಚಿಲ್ಲರೆ ಗುಂಪುಗಳು, ಬೆನ್ನ ಹಿಂದೆ ಪ್ರಭುಗಳಿರಲಿಲ್ಲ.

ಉಳಿದ ಗಡಿಜನ ಎಲ್ಲಿ ಹೋದರು ಎಂದರೆ, ಬಹಳಷ್ಟು ಜನ 1609ರ ನಂತರ ಐರ್ಲೆಂಡಿನ ಉತ್ತರದ ಅಲ್‌ಸ್ಟರ್‌ಗೆ. ಫರ್ಮಾನಾ ಪ್ರಾಂತ್ಯದಲ್ಲಿ ಇಂದಿಗೂ ಆರ್ಮ್‌ಸ್ಟ್ರಾಂಗ್, ಎಲಿಯಟ್, ಜಾನ್‌ಸ್ಟನ್‌ಗಳು ಧಾರಾಳ. ಅವರ ಮಕ್ಕಳು ಮುಂದಿನ ಶತಮಾನದಲ್ಲಿ ಅಮೆರಿಕಕ್ಕೆ. ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್‌ಗೆ 1972ರಲ್ಲಿ ಸ್ಕಾಟಿಷ್ ಗಡಿಯ ಲ್ಯಾಂಗ್‌ಹಂ ಪಟ್ಟಣ ಗೌರವ ಪೌರತ್ವ ಕೊಟ್ಟಿತು. ಊರೊಳಗೆ ಸಿಕ್ಕ ಆರ್ಮ್‌ಸ್ಟ್ರಾಂಗ್‌ನನ್ನು ನೇಣು ಹಾಕಬೇಕೆಂಬ ಹಳೆಯ ಕಾಯ್ದೆಯನ್ನು ಆ ಸಮಾರಂಭದಲ್ಲಿ ತಮಾಷೆಗೆ ಓದಿ ಹೇಳಿದರಂತೆ.

ಧಾರವಾಡದ ವಾಲ್ಟರ್ ಎಲಿಯಟ್ ಇದೇ ಎಲಿಯಟ್ ಮನೆತನದವರಾ?

ಹೌದು. ಧಾರವಾಡ ಸೀಮೆಯಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಸರ್ ವಾಲ್ಟರ್ ಎಲಿಯಟ್ ರಾಕ್ಸ್‌ಬರೊ ಪ್ರಾಂತ್ಯದ ವುಲ್ಫ್‌ಲೀ ಎಂಬಲ್ಲಿನ ಎಲಿಯಟ್ ಜಮೀನ್ದಾರರ ಕುಟುಂಬದವರು, ಅಂದರೆ ಇದೇ ಗಡಿನಾಡಿನವರು. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಸತ್ತಾಗ ಚೆನ್ನಮ್ಮನ ಸೈನಿಕರ ಕೈಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಎಲಿಯಟ್ ಒಬ್ಬರು, ಇನ್ನೊಬ್ಬ ಸ್ಟೀವನ್‌ಸನ್. ಪೂರ್ವಿಕರು ಒತ್ತೆಯಾಳುಗಳನ್ನು ಹಿಡಿದು ಬದುಕಿದ್ದರು, ಇವರು ಕನ್ನಡನಾಡಿನಲ್ಲಿ ತಾವೇ ಒತ್ತೆಯಾಳಾದರು. ಬಿಡುಗಡೆಯಾದ ಮೇಲೆ ಈ ಸೀಮೆಯ ಐನೂರಕ್ಕೂ ಹೆಚ್ಚು ಶಾಸನಗಳ ಪ್ರತಿ ಮಾಡಿಸಿದರು. ಮುಂದೆ ಫ್ಲೀಟ್ ಕನ್ನಡ ರಾಜವಂಶಗಳ ಚರಿತ್ರೆ ಬರೆಯುವಾಗ ಆ ಸಂಗ್ರಹವನ್ನು ಬಳಸಿಕೊಂಡರು. ಎಲಿಯಟ್ 1887ರಲ್ಲಿ ವುಲ್ಫ್‌ಲೀಯಲ್ಲೇ ತೀರಿಕೊಂಡರು.

ಇನ್ನೊಂದು ಎಳೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾನ್ ಮಾಲ್ಕಮ್ ಅವರದು. ರೀವರ್ ಕುಲದವರಲ್ಲ, ಆದರೆ ಹುಟ್ಟಿದ್ದು ಲ್ಯಾಂಗ್‌ಹಂ ಬಳಿ. ಟಿಪ್ಪು ಮಡಿದ ಮೇಲೆ 1799ರ ಮೈಸೂರು ಆಯೋಗಕ್ಕೆ ಥಾಮಸ್ ಮನ್ರೊ ಜೊತೆ ಕಾರ್ಯದರ್ಶಿ. 1817–18ರಲ್ಲಿ ಮಾಳವದಲ್ಲಿ ಪಿಂಡಾರಿಗಳನ್ನು ಅಡಗಿಸಿದವರಲ್ಲಿಯೂ ಅವರೊಬ್ಬರು. ಶರಣಾದ ಮುಖಂಡರಿಗೆ ಜಮೀನು, ಉಳಿದವರ ಬೆನ್ನಟ್ಟಿ ಬೇಟೆ: ಎಸ್ಕ್ ಕಣಿವೆಯವರಿಗೆ ಹೊಸ ವಿದ್ಯೆಯೇನಲ್ಲ.

ಆ ಕಡೆ ಹೋದ್ರೆ ಏನು ನೋಡಬೇಕು?

ಒಂದೇ ದಿನ ಇದ್ದರೆ ಹರ್ಮಿಟೇಜ್ ಕೋಟೆ. ಗಾಯಗೊಂಡಿದ್ದ ಬೋತ್‌ವೆಲ್ ಪ್ರಭುವನ್ನು ನೋಡಲು 1566ರಲ್ಲಿ ಸ್ಕಾಟ್ಲೆಂಡಿನ ರಾಣಿ, ಆರನೆಯ ಜೇಮ್ಸ್‌ನ ತಾಯಿ ಮೇರಿ ಜೆಡ್‌ಬರೊದಿಂದ ಇಲ್ಲಿಗೆ ಬಂದು ಅದೇ ದಿನ ಮರಳಿದಳು. ಹೋಗಿ ಬರಲು ಸುಮಾರು 80 ಕಿ.ಮೀ. ಕುದುರೆ ಸವಾರಿ. ಅವನಿಗೆ ಗಾಯ ಮಾಡಿದ್ದು ಒಬ್ಬ ಎಲಿಯಟ್. ಕೋಟೆ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಹತ್ತಿರ ಊಟ-ತಿಂಡಿ ಸಿಗುವುದಿಲ್ಲ. ಕಾರ್ಲೈಲ್‌ನಲ್ಲಿ ಕೋಟೆಯನ್ನೂ ಶಾಪದ ಬಂಡೆಯನ್ನೂ ನಡೆದೇ ನೋಡಬಹುದು. ಗಿಲ್ನಾಕಿ ಗೋಪುರ ಲ್ಯಾಂಗ್‌ಹಂ ಪಕ್ಕದಲ್ಲಿದೆ. ಜೂನ್-ಜುಲೈನಲ್ಲಿ ಹೋಗುವವರು ಹಾಯಿಕ್, ಸೆಲ್‌ಕರ್ಕ್, ಲ್ಯಾಂಗ್‌ಹಂ ಊರುಗಳ ‘ಕಾಮನ್ ರೈಡಿಂಗ್’ ದಿನಾಂಕ ನೋಡಿಕೊಳ್ಳಿ. ನೂರಾರು ಜನ ಕುದುರೆಯೇರಿ ಊರಿನ ಎಲ್ಲೆ ಸುತ್ತುತ್ತಾರೆ. ಆ ದಿನಗಳಲ್ಲಿ ವಸತಿಯನ್ನು ಬಹಳ ಮುಂಚೆ ಗೊತ್ತುಮಾಡಿಕೊಳ್ಳಬೇಕು.